ಮಂಚದಡಿ

ರಾತ್ರಿ ಹೊತ್ತು ಹಾವು ಅನ್ನುವುದಿಲ್ಲ ಯಾರೂ.
"ಹುಳ ಬಂದಿದೆ ಹಾಲೇಶಣ್ಣ, ಬೇಗ ಬಾ" ಅನ್ನುತ್ತಾರೆ,
ಹೆಸರು ಹಿಡಿದು ಕರೆದರೆ
ಫೋನಿನೊಳಗಿಂದಲೂ ಹೆಡೆ ಎತ್ತೀತು ಎಂಬಂತೆ.

ಗಾಡಿಕೊಪ್ಪದಲ್ಲಿ ನನ್ನದು ಪಂಕ್ಚರ್ ಅಂಗಡಿ.
ಹಗಲು, ಟ್ಯೂಬನ್ನು ನೀರಲ್ಲಿ ಮುಳುಗಿಸಿ
ಉಸಿರು ಎಲ್ಲಿ ಸೋರುತ್ತಿದೆ ನೋಡುತ್ತೇನೆ.
ರಾತ್ರಿ, ಕೊಕ್ಕೆ, ಟಾರ್ಚು, ಹಳೇ ದಿಂಬಿನ ಚೀಲ ಹಿಡಿದು
ಶಿವಮೊಗ್ಗದ ಮಂಚಗಳ ಅಡಿಗೆ ಹೋಗುತ್ತೇನೆ.

ಈ ಊರು ನನಗೆ ಗೊತ್ತಿರುವುದು ಕೆಳಗಿನಿಂದ.
ಗೋಪಾಳದ ಮೇಷ್ಟರ ಮಂಚದಡಿ
ಬಿಚ್ಚದೇ ಇಟ್ಟ ಮದುವೆಯ ಉಡುಗೊರೆ, ಹನ್ನೊಂದು ಗೋಡೆ ಗಡಿಯಾರ.
ವಿನೋಬನಗರದ ಡಾಕ್ಟರ ಫ್ರಿಜ್ಜಿನ ಹಿಂದೆ
ಬೀಡಿ ಕಟ್ಟು.
ಹೊಸಮನೆಯ ಒಬ್ಬಾಕೆ
"ಅಲ್ಲಿ ಬೇಡ, ಆ ಟ್ರಂಕು ಮುಟ್ಟಬೇಡಿ" ಎಂದು
ಹಾವಿಗಿಂತ ಟ್ರಂಕಿಗೇ ಹೆಚ್ಚು ಹೆದರಿದಳು.
ಅದರ ಹಿಂದೆಯೇ ಸುತ್ತಿ ಕೂತಿತ್ತು ಕೇರೆ,
ಬಡಪಾಯಿ, ಇಲಿ ನುಂಗಿ ಭಾರವಾಗಿ.
ನಾನು ಕಣ್ಣು ಮುಚ್ಚಿಕೊಂಡೇ ಹಿಡಿದೆ ಅನ್ನಿ.

ಗಾಂಧಿನಗರದ ದೊಡ್ಡ ಮನೆ.
ಗೇಟಿನಾಚೆ ನಿಲ್ಲಿಸಿಯೇ ಟಯರಿನ ದುಡ್ಡು ಕೊಡುತ್ತಿದ್ದ ಯಜಮಾನರು
ಅವತ್ತು "ಬಾಪ್ಪಾ, ಒಳಗೇ ಬಾ" ಎಂದು
ದೇವರ ಕೋಣೆಯ ತನಕ ಕೈಹಿಡಿದು ಕರೆದೊಯ್ದರು.
ದೀಪದ ಹಿಂದೆ ನಾಗರ.
ಪೀಠದ ಮೇಲೆ ಬೆಳ್ಳಿಯ ನಾಗ, ಹೂ ಮುಡಿದು.
ಯಾವುದನ್ನು ಒಯ್ಯಲಿ ಎಂದು ಕೇಳಬೇಕೆನಿಸಿತು; ಕೇಳಲಿಲ್ಲ.
ಹೊರಟ ಮೇಲೆ ಹಿಂದೆ ನೆಲಕ್ಕೆ ನೀರು ಸುರಿದ ಸದ್ದು.
ಹಾವು ಹರಿದ ಜಾಗಕ್ಕೋ, ನಾನು ನಿಂತ ಜಾಗಕ್ಕೋ,
ಚೀಲದೊಳಗಿದ್ದವನಿಗೂ ತಿಳಿಯಲಿಲ್ಲ.

ಸಾಗರ ರಸ್ತೆಯ ಹೊಸ ಲೇಔಟು,
ವಾಷಿಂಗ್ ಮೆಷೀನಿನಡಿ ಕೊಳಕುಮಂಡಲ.
"ಎಲ್ಲಿಂದ ಬರ್ತವೆ ಇವು?" ಕೇಳಿದಳು ಮನೆಯೊಡತಿ.
ಅಲ್ಲಿ ಕೆರೆಯ ಕೋಡಿ ಇತ್ತು, ಅಲ್ಲೇ ನಾನು ಏಡಿ ಹಿಡಿಯುತ್ತಿದ್ದೆ.
ಹೇಳಿದರೆ ಸೈಟಿನ ರೇಟು ಇಳಿದೀತು.
"ಬೇಸಿಗೆ ಅಲ್ವಾ ತಾಯಿ, ತಂಪು ಹುಡುಕ್ತವೆ"
ಎನ್ನುತ್ತಲೇ ಕಚ್ಚಿಸಿಕೊಂಡೆ, ಎಡಗೈ ಹೆಬ್ಬೆರಳು.

ಮೆಗ್ಗಾನ್ ಆಸ್ಪತ್ರೆಯಲ್ಲಿ ಒಂಬತ್ತು ದಿನ.
ಹೊರಗಿನಿಂದ ತರಬೇಕಾದ ಔಷಧಿಯ ಚೀಟಿ
ದಿನಾ ಇವಳ ಕೈಗೆ ಹೋಗುತ್ತಿತ್ತು;
ಔಷಧಿ ಬರುತ್ತಿತ್ತು.
ಹೇಗೆ ಬರುತ್ತಿದೆ ಎಂದು ಕೇಳುವಷ್ಟು ಜ್ವರ ಬಿಟ್ಟಿರಲಿಲ್ಲ.
ಬಿಟ್ಟ ಮೇಲೂ ಕೇಳಲಿಲ್ಲ.

ಮೊನ್ನೆ ಹರಿಗೆಯಲ್ಲಿ ಯಾರದೋ ಬಚ್ಚಲಿಗೆ ಉಡ ಹೊಕ್ಕಿತ್ತು.
ಉಡದ ಪಟ್ಟು ಅನ್ನುತ್ತಾರಲ್ಲ,
ಅದನ್ನು ಬಿಡಿಸುವುದರಲ್ಲಿ ಎರಡು ತಾಸು.
ಬೆಳಗಿನ ಜಾವ ಮನೆಗೆ ಬಂದರೆ
ಎಲ್ಲ ದೀಪ ಉರಿಯುತ್ತಿವೆ.
ಮಂಚದ ಮೇಲೆ ಕಾಲು ಮಡಚಿ ಇವಳು, ತೊಡೆಯ ಮೇಲೆ ಸಿಂಚನ.
"ಹುಳ. ಒಲೆ ಕಡೆಯಿಂದ ಬಂತು, ಮಂಚದಡಿ ಹೋಯ್ತು."
"ಫೋನ್ ಮಾಡಬಾರದಿತ್ತಾ?"
"ಹದಿನಾಲ್ಕು ಸಲ ಮಾಡಿದೆ. ಚಂದಾದಾರರು ಉತ್ತರಿಸುತ್ತಿಲ್ಲ ಅಂತ
ಅದ್ಯಾವಳೋ ಹೇಳ್ತಾನೇ ಇದ್ದಳು."

ಟಾರ್ಚು ಹಿಡಿದು ಬೋರಲು ಮಲಗಿದೆ.
ಊರವರ ಮಂಚದಡಿಯೆಲ್ಲ ಬಲ್ಲ ನಾನು
ನನ್ನ ಮಂಚದಡಿ ನೋಡಿದ್ದು ಅದೇ ಮೊದಲು.
ಸಿಂಚನಳ ಕಳೆದುಹೋಗಿದ್ದ ಒಂದು ಚಪ್ಪಲಿ. ಜೇಡನ ಬಲೆ.
ಅಕ್ಕಿಯ ಡಬ್ಬಿ. ಡಬ್ಬಿಯಡಿ ಮಡಚಿದ ಹಳದಿ ಚೀಟಿ:
ಗಿರವಿ ಅಂಗಡಿ, ಕಿವಿಯೋಲೆ ಒಂದು ಜೊತೆ, ನಾಲ್ಕು ಗ್ರಾಂ ಚಿಲ್ಲರೆ,
ತಾರೀಖು, ನಾನು ಮೆಗ್ಗಾನಿನಲ್ಲಿದ್ದ ಮೂರನೇ ದಿನ.

ಬಾಲ ನೋಡಿ ಗಂಡೋ ಹೆಣ್ಣೋ ಹೇಳುತ್ತೇನೆ.
ಪೊರೆ ನೋಡಿ, ಯಾವ ಹಾವು, ಕಳಚಿ ಎಷ್ಟು ದಿನವಾಯಿತು, ಹೇಳುತ್ತೇನೆ.
ಹಾವಿಗೆ ಕಿವಿಯಿಲ್ಲ ಎಂದು
ಶಾಲೆ ಮಕ್ಕಳನ್ನು ಸಾಲಾಗಿ ಕೂರಿಸಿ ವಿವರಿಸುತ್ತೇನೆ.
ಎರಡು ವರ್ಷದಿಂದ ಎದುರಿಗೇ ಬಗ್ಗಿ ಅನ್ನ ಬಡಿಸುವವಳ
ಕಿವಿಯಲ್ಲಿ ಇರುವುದು ಹಿತ್ತಾಳೆ ಎಂದು

"ಸಿಕ್ತಾ?" ಮೇಲಿನಿಂದ ಕೇಳಿದಳು.
ಚೀಟಿಯನ್ನು ಮಡಿಕೆ ಕೆಡದ ಹಾಗೆ
ಡಬ್ಬಿಯಡಿ, ಧೂಳಿನ ಗುರುತಿನ ಮೇಲೇ ಇಟ್ಟೆ.
"ಇಲ್ಲ" ಎಂದೆ.
ಬೇಗ ಹೊರಗೆ ಬರಲಾಗಲಿಲ್ಲ.

ಹುಳ ಇನ್ನೂ ಸಿಕ್ಕಿಲ್ಲ.
ದೀಪ ಹಾಕಿಯೇ ಮಲಗುತ್ತೇವೆ.
ಹಾವಿಗೆ ದುಡ್ಡು ಕೇಳುವವನಲ್ಲ ನಾನು;
ಮಾಡು ನೋಡುತ್ತ ಲೆಕ್ಕ ಹಾಕುತ್ತೇನೆ,
ನಾಲ್ಕು ಗ್ರಾಂ ಚಿಲ್ಲರೆಗೆ
ಸಾಗರ ರಸ್ತೆಯಲ್ಲಿ ಎಷ್ಟು ಮೊಳೆ ಬೀಳಬೇಕು.