ಸುರಂಗದ ಬಾಯಿ

ಪೈವಳಿಕೆ ಗುಡ್ಡೆಯ ಕೆಳಗೆ ನಮ್ಮದು
ಒಂದೆಕರೆ ಎಂಬತ್ತು ಸೆಂಟ್ಸು.
ಮೂರು ಗದ್ದೆ, ನಲವತ್ತು ತೆಂಗು, ಒಂದು ಸಾಲು ಗೇರು,
ಮತ್ತೆ ಮುರಕಲ್ಲಿನ ಹೊಟ್ಟೆಯೊಳಗೆ
ಮದುವೆಯ ವರ್ಷ ಅಪ್ಪ ಕೊರೆದ ಸುರಂಗ,
ನಲವತ್ತೆರಡು ಕೋಲು.

ಜಗಳ ನಮಗೆ ತುಳುವಿನಲ್ಲಿ, ಜಪ ಕೊಂಕಣಿಯಲ್ಲಿ,
ಹಾಲಿನ ಲೆಕ್ಕ ಕನ್ನಡದಲ್ಲಿ, ತೀರ್ವೆಯ ರಶೀದಿ ಮಲಯಾಳದಲ್ಲಿ.
ಪಾಲಿನ ಮಾತನ್ನು ಮಾತ್ರ
ಯಾವ ಭಾಷೆಯಲ್ಲೂ ಎತ್ತದೆ
ಅಪ್ಪ ಎಪ್ಪತ್ತೊಂಬತ್ತು ಮುಟ್ಟಿದರು.

"ದೇವರು ಕೊಟ್ಟದ್ದು, ದೇವರು ನೋಡಿಕೊಳ್ಳುತ್ತಾನೆ" ಎಂದರೆ
ಅಮ್ಮ ಅಕ್ಕಿ ಕೇರುತ್ತಲೇ:
"ದೇವರಿಗೆ ವಿಲ್ಲೇಜಾಫೀಸಿನ ಕ್ಯೂ ಗೊತ್ತುಂಟಾ?
ನಿಮ್ಮ ಅಪ್ಪ ಬರೆದಿಡದೆ ಹೋದದ್ದಕ್ಕೆ
ನಿಮ್ಮ ತಮ್ಮ ಇನ್ನೂ ಇಗರ್ಜಿಯ ಬಾಗಿಲಲ್ಲೇ ನಿಲ್ಲುವುದು,
ಸಮಾಧಾನದ ಕೈ ಕೊಡುವ ಹೊತ್ತಿಗೆ
ಮೆಟ್ಟಿಲಿಳಿದು ಹೋಗುವುದು."

ಫಾದರ್ ಹತ್ತಿರ ಹೋದೆವು. ನಕ್ಕರು.
"ಪಾಲು ಮಾಡಲಿಕ್ಕೆ ನಮ್ಮ ಯಜಮಾನನೇ ಒಪ್ಪಿದವನಲ್ಲ, ನಾನು ಯಾರು?"
ಎಂದವರು, ಹೊರಡುವಾಗ
ಸಿಮಿತೇರಿಯ ಗುಂಡಿ ಅಳೆಯುವ ಟೇಪು ತಂದುಕೊಟ್ಟರು.
"ಶನಿವಾರ ವಾಪಸು ಬೇಕು.
ಯಾರೂ ಸಾಯದಿದ್ದರೆ ಸೋಮವಾರವಾದರೂ ಆದೀತು."

ಮೊಂತಿ ಫೆಸ್ತಿಗೆ ಎಲ್ಲರೂ ಬಂದರು,
ಉಪ್ಪಳದ ಬೇಕರಿಯಿಂದ ವಲೇರಿಯನ್,
ಶಾಲೆ ಬಸ್ಸು ಓಡಿಸುವ ಸ್ತಾನಿ.
ನಾನು ಬಂದವಳಲ್ಲ, ಇದ್ದವಳು.
ಹೊಸ ತೆನೆಯ ಕಾಳು ಸುಲಿದು ಹಾಲಿಗೆ ಹಾಕಿ ಕುಡಿದೆವು,
ಬಾಳೆಲೆ ಹಾಸಿ ಉಂಡೆವು. ಮೀನಿಲ್ಲದ ದಿನ,
ಅದಕ್ಕೋ ಏನೋ ವಲೇರಿಯನನಿಗೆ ಬೇಗ ಸಿಟ್ಟು.

ಗದ್ದೆ ಅಳೆದದ್ದಾಯಿತು, ತೆಂಗು ಎಣಿಸಿದ್ದಾಯಿತು,
ಗೇರಿನ ಸಾಲು ಸ್ತಾನಿಗೆ.
ಸುರಂಗದ ಬಾಯಿಗೆ ಬಂದಾಗ ಟೇಪು ನಿಂತಿತು.
ಮೂರು ಪಾಲಿಗೂ ನೀರು ಅಲ್ಲಿಂದಲೇ.
"ಹಿರಿಮಗನಿಗೆ" ಎಂದ ಹಿರಿಮಗ.

ಅಪ್ಪ ಮಾತಾಡದೆ ಮನೆಯೊಳಗೆ ಹೋಗಿ
ಕಂದೆಲಾಂ ಹಬ್ಬದಲ್ಲಿ ಮಂತ್ರಿಸಿದ ಮೇಣದ ಬತ್ತಿ ತಂದರು.
ಮಳೆ ನಿಂತ ಮೇಲೆ ವರ್ಷಕ್ಕೊಮ್ಮೆ
ಇದನ್ನು ಹಿಡಿದು ಹೂಳು ತೆಗೆಯಲು ಹೋಗಬೇಕು.
ಬತ್ತಿ ನಂದಿದರೆ ಗಾಳಿಯಿಲ್ಲ, ತಿರುಗಿ ಬರಬೇಕು.
ಕೊನೆಯ ಆರು ಕೋಲು ಎದೆಯ ಮೇಲೆ.
"ಯಾರು ಹೋಗುತ್ತೀರಿ?"

ವಲೇರಿಯನ್ ಹೊಟ್ಟೆ ನೋಡಿಕೊಂಡ.
ಸ್ತಾನಿ ಫೋನು ನೋಡಿಕೊಂಡ.
ಹನ್ನೆರಡು ವರ್ಷದಿಂದ ಹೋಗುತ್ತಿದ್ದವಳು ನಾನು.
ಅದು ಇಬ್ಬರಿಗೂ ಗೊತ್ತಿರಲಿಲ್ಲ,
ನೀರು ಬರುತ್ತಿತ್ತು, ಅಷ್ಟೆ.

ಮನೆಗೆ ಮರಳಿದ ಮಗನ ಮೇಲೆ
ಎಷ್ಟು ಪ್ರವಚನ ಕೇಳಿಲ್ಲ ನಾನು!
ಗದ್ದೆಯಲ್ಲೇ ಇದ್ದವನ ಕಾಲಿನ ಕೆಸರಿನ ಬಗ್ಗೆ
ಯಾರೂ ನಿಂತು ಹೇಳಿದ್ದಿಲ್ಲ.
ಆ ಮನೆಯಲ್ಲಿ ಒಬ್ಬಳು ಮಗಳೂ ಇದ್ದಳೋ ಏನೋ,
ಬರೆದಿಟ್ಟವರಿಲ್ಲ.

ನಂಬಿಯಾರ್ ವೀಲುನಾಮೆ ಓದಿ ಹೇಳಿದರು:
ಸುರಂಗ, ಅದರ ಬಾಯಿಯ ಮೂರು ಸೆಂಟ್ಸು
ಮಗಳು ಸೆವ್ರಿನಳಿಗೆ. ನೀರು ಮೂವರಿಗೂ.
ಸರಿಯಲ್ಲವಾ ಎಂದರು.
"ನನ್ನ ನಂತರ?" ಎಂದು ಕೇಳಿದೆ.

ಮಕ್ಕಳಿಲ್ಲದವಳ ಬಾಯಲ್ಲಿ ಆ ಪ್ರಶ್ನೆ
ಜಗಲಿಯಲ್ಲಿ ಎಲ್ಲಿ ಕೂರುವುದೆಂದು ತಿಳಿಯದೆ ನಿಂತಿತು.
"ಅದೂ ಈಗಲೇ ಬರೆಯಬೇಕಾ?"
ಅಮ್ಮ ಮೊರ ಕೆಳಗಿಟ್ಟಳು. "ಈಗಲೇ."

ನವೆಂಬರಿನಲ್ಲಿ ವಲೇರಿಯನನ ಕಿರಿಯವಳು ಲವಿಟಾ,
ಹನ್ನೊಂದು ವರ್ಷ, ಕಡ್ಡಿಯಂಥವಳು,
ಬತ್ತಿ ಹಿಡಿದು ಮುಂದೆ ಹೋದಳು.
ನಾನು ಹಿಂದೆ, ಅವಳ ಸೊಂಟದ ಹಗ್ಗ ಹಿಡಿದು.
ಹೊರಗೆ ಕಲ್ಲಿನ ಮೇಲೆ ಅಪ್ಪ, ಕೈಯಲ್ಲಿ ಜಪಮಾಲೆ.
ನೀರು ಕದಡಿ ಕೆಂಪಾಗಿ ಹರಿಯುತ್ತಿತ್ತು.

ಮೂವತ್ತಾರನೇ ಕೋಲಿನಿಂದ ಕೂಗಿದಳು:
"ಆಂಟೀ, ಇಲ್ಲೊಂದು ಕಪ್ಪೆ ಉಂಟು!
ಇದಕ್ಕೂ ಪಾಲು ಉಂಟಾ?"

ಅಪ್ಪ ನಕ್ಕು ಮಣಿ ತಪ್ಪಿಸಿಕೊಂಡರಂತೆ,
ಮತ್ತೆ ಮೊದಲಿನಿಂದ ಹಿಡಿದರಂತೆ.