ಅಳತೆ ಪುಸ್ತಕ

ಬೇಲೂರು ರಸ್ತೆ ಅಗಲವಾದಾಗ
ಅಳತೆ ಪುಸ್ತಕದಲ್ಲಿ ಬರೆದವಳು ನಾನೇ:
ಸರಪಳಿ ಹನ್ನೊಂದು ಸಾವಿರದ ನಾನೂರು.
ಹಳ್ಳ ಒಂದು, ಹೆಸರಿಲ್ಲ.
ಇನ್ನೂರ ಹತ್ತು ಮೀಟರು, ಮುಚ್ಚಲಾಗಿದೆ.

ಹೆಸರಿತ್ತು.
ಬದುವಿನ ಮೇಲೆ ನಿಂತ ಹೆಂಗಸು ಕೂಗಿ ಹೇಳಿದ್ದಳು.
ರೋಲರಿನ ಸದ್ದಿನಲ್ಲಿ ತುಟಿ ಮಾತ್ರ ಕಂಡಿತು.
ಆಯ್ತಮ್ಮ ಎಂದು ತಲೆಯಾಡಿಸಿ
ಜೀಪು ಹತ್ತಿದೆ.

ಮುಚ್ಚಿದ್ದಕ್ಕೆ ಬದಲು, ಎಂದಿತ್ತು ಷರತ್ತು,
ಅಷ್ಟೇ ಉದ್ದದ ನೀರನ್ನು ಊರೊಳಗೆಲ್ಲಾದರೂ
ಬಿಡಿಸಿ ತೋರಿಸತಕ್ಕದ್ದು.
ಹಾಸನದಲ್ಲಿ ನೀರು ಎಲ್ಲೆಲ್ಲಿ ಸೆರೆಯಾಗಿದೆ
ಎಂದು ಹುಡುಕಲು ಹೊರಟೆವು ಮೂವರು,
ಮಡಿಕೆಯಲ್ಲೇ ಹರಿದ ಒಂದು ನಕ್ಷೆ ಹಿಡಿದು.

ನಕ್ಷೆಗಿಂತ ಮೊದಲು ಸಿಕ್ಕವನು ಮಾಲಿ ಜವರಯ್ಯ.
ಪಾರ್ಕಿನ ಜಾರುಬಂಡೆಯ ಹಿಂದೆ
ಹುಲ್ಲಿಗೆ ಕಿವಿಯಿಟ್ಟು ಮಲಗಿ
"ಬನ್ನಿ ಮೇಡಂ, ನೀವೂ ಕೇಳಿ" ಎಂದ.
ಕೊರಳ ಗುರುತಿನ ಚೀಟಿಯನ್ನು ಬೆನ್ನಿಗೆ ತಳ್ಳಿ
ನಾನೂ ಮಲಗಿದೆ.
ಹ್ಯೂಮ್ ಪೈಪಿನೊಳಗೆ ಯಾರೋ
ನಿದ್ದೆಗಣ್ಣಲ್ಲಿ ಮಾತಾಡಿದ ಹಾಗೆ.

"ನಾ ಸೇರ್ದಾಗ್ನಿಂದ ಹಿಂಗೇ ಗೊಣಗ್ತೈತೆ.
ಇದ್ರ ತಲೆ ಮೇಲೆ ನಲ್ಲಿ ನೀರು ಬಿಟ್ಟು
ಹುಲ್ಲು ಬೆಳೆಸ್ತೀನಿ ನಾನು.
ನಾಚ್ಕೆ ಆಯ್ತದೆ."

ವಾಯುವಿಹಾರ ಸಂಘದವರು ಅರ್ಜಿ ಕೊಟ್ಟರು:
ಸೊಳ್ಳೆ, ಹಾವು, ಕೆಸರು, ಮಕ್ಕಳು ಬಿದ್ದರೆ ಯಾರು ಹೊಣೆ?
ದಿನಾ ಆರೂವರೆಗೆ ವರ್ತುಲ ನಿಂತು
ಕೈಯೆತ್ತಿ ನಗುವವರು
ಆ ದಿನ ಒಬ್ಬರೂ ನಗಲಿಲ್ಲ.
ಅರ್ಜಿಯ ಕೊನೆಯಲ್ಲಿ ನನ್ನ ಮಾವನ ಸಹಿಯೂ ಇತ್ತು.
ರಾತ್ರಿ ಊಟಕ್ಕೆ ಬಡಿಸುವಾಗ
ಇಬ್ಬರೂ ಆ ಮಾತು ತೆಗೆಯಲಿಲ್ಲ.

ಜೇಸಿಬಿಯ ಮುಖ್ತಿಯಾರ್ ಪೈಪಿಗೆ ಹಲ್ಲು ಕೊಟ್ಟಾಗ
ಮೊದಲು ಬಂದದ್ದು ನೀರಲ್ಲ, ವಾಸನೆ.
ಆಮೇಲೆ ಶಾಂಪೂ ಚೀಟಿ, ಒಂಟಿ ಚಪ್ಪಲಿ,
ಯಾರದೋ ಮನೆಯ ಸ್ಟೀಲ್ ಚಮಚ.
ಮೂರು ಬೀದಿಯ ಕೊಳಚೆ ಬೇರೆ ಕಡೆ ತಿರುಗಿಸಲು
ಏಳು ತಿಂಗಳು ಹಿಡಿಯಿತು.
ಏಳು ತಿಂಗಳೂ ಮಾವ ಮೂಗಿಗೆ ಕರವಸ್ತ್ರ ಹಿಡಿದು
ಅದೇ ದಾರಿಯಲ್ಲೇ ನಡೆದರು.

ನಕಾಶೆಯಲ್ಲಿ ಹಳ್ಳ ನೇರ. ಸ್ಕೇಲಿಟ್ಟು ಎಳೆದದ್ದು.
ಮೊದಲ ಮುಂಗಾರಿಗೇ ಅದು
ಅತ್ತಿಮರದ ಬೇರನ್ನು ಮೂಸಿ ಎಡಕ್ಕೆ ಹೊರಳಿತು,
ಲಕ್ಕಿ ಗಿಡ ನೆಟ್ಟಲ್ಲಿ ತಂಗಿತು,
ಸಿಮೆಂಟು ಬೆಂಚಿನ ಒಂದು ಕಾಲನ್ನು
ಮೆಲ್ಲಗೆ ಸಡಿಲಿಸಿತು.
ಟೇಪು ಹಿಡಿದರೆ ಇನ್ನೂರ ಇಪ್ಪತ್ತಮೂರು.
ಹದಿಮೂರು ಮೀಟರು ಯಾರ ಮಂಜೂರಾತಿಯಲ್ಲಿ ಹರಿಯಿತು
ಎಂದು ಆಡಿಟಿನವರು ಕೇಳಿದರು.
ಅದರ ಇಷ್ಟ ಎಂದು ಬರೆಯಲು ಕಾಲಂ ಇಲ್ಲ.

ಒಂದು ಭಾನುವಾರ ಸ್ಕೂಟರಿನಲ್ಲಿ ಹೋದೆ
ಸರಪಳಿ ಹನ್ನೊಂದು ಸಾವಿರದ ನಾನೂರಕ್ಕೆ.
ಡಾಂಬರು ನುಣುಪಾಗಿತ್ತು. ನನ್ನದೇ ಕೆಲಸ,
ಸುಳ್ಳೇಕೆ, ಹೆಮ್ಮೆಯೂ ಆಯಿತು.
ಏರಿಯ ಮೇಲೆ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದಳು
ಅದೇ ಹೆಂಗಸು. ನನ್ನ ಗುರುತು ಸಿಗಲಿಲ್ಲ.
ಕೇಳಿದೆ.

"ಅದಾ, ಕೆಂಚೇಡಿ ಹಳ್ಳ.
ಕೆಂಪು ಏಡಿ ಸಿಕ್ತಿದ್ವು ಕಣವ್ವ, ಮುಷ್ಟಿಗಾತ್ರ.
ಈಗ್ಲೂ ಮಳೆ ಹುಯ್ದ ರಾತ್ರಿ
ಆ ಕಡೆಯಿಂದ ಈ ಕಡೆಗೆ ರಸ್ತೆ ದಾಟ್ತವೆ."
ಕುಡುಗೋಲು ನಿಲ್ಲಿಸಿ, ಸ್ವಲ್ಪ ತಡೆದು,
"ದಾಟಾಕೆ ನೋಡ್ತವೆ" ಎಂದಳು.

ಅಳತೆ ಪುಸ್ತಕದಲ್ಲಿ ಅಳಿಸುವಂತಿಲ್ಲ.
ಹೆಸರಿಲ್ಲ ಎಂಬುದರ ಮೇಲೆ ಒಂದೇ ಗೆರೆ ಎಳೆದು
ಕೆಂಚೇಡಿ ಎಂದು ಬರೆದು
ಪಕ್ಕದಲ್ಲಿ ಸಣ್ಣ ಸಹಿ, ದಿನಾಂಕ.

ಪಾರ್ಕಿನಲ್ಲಿ ಈಗ ಬೆರಳುದ್ದದ ಮೀನಿವೆ,
ಎಲ್ಲಿಂದ ಬಂದವೋ. ಒಂದು ಮಿಂಚುಳ್ಳಿ,
ಅದನ್ನು ದಿನಾ ಎಣಿಸುವ ಮಾವ.
ಏಡಿ ಇಲ್ಲ.
"ಎರಡು ಹಿಡ್ಕಂಡು ಬರ್ಬೋದಿತ್ತಲ್ಲ ಮೇಡಂ,
ಬಕೆಟ್ನಾಗೆ," ಎಂದ ಜವರಯ್ಯ.

ನಕ್ಕೆ.
ಆಮೇಲೆ ಗೇಟಿನ ಹೊರಗೆ, ಯಾರೂ ಇಲ್ಲದಾಗ,
ಸ್ಕೂಟರಿನಲ್ಲಿ ಕಾಲಿಡುವ ಜಾಗವನ್ನು
ಗೇಣು ಹಾಕಿ ಅಳೆದೆ.