ಹತ್ತು ಅಂಕದ ಪ್ರಶ್ನೆ

ಆರನೇ ಸೆಮಿಸ್ಟರು, ಕೊನೆಯ ಪೀರಿಯಡ್ಡು, ಮೂವರೇ ಮಕ್ಕಳು.
ಜಪಾನಿನ ದಾರ್ಶನಿಕರ ಮಾತೊಂದನ್ನು ಹಲಗೆಗೆ ಇಳಿಸಿದೆ.
ಜಾಗ ಎಂದು ಅರ್ಥ. ಇರುವುದೆಲ್ಲ ಯಾವುದರೊಳಗೋ ಇರುತ್ತದೆ,
ಆ ಒಳಗೂ ಇನ್ನೊಂದರೊಳಗೆ,
ಹೀಗೆ ಹೋಗುತ್ತ ಹೋಗುತ್ತ ಕಟ್ಟಕಡೆಗೆ
ಏನೂ ಅಲ್ಲದ ಒಂದು ಜಾಗ. ಬಯಲು ಅನ್ನಿ, ಅಂದೆ.

ವೈಜಿನಾಥ ಕಿಸಕ್ಕನೆ ನಕ್ಕ.
ತಪ್ಪಲ್ಲ. ನಮ್ಮ ಕಡೆ ಬಯಲಿಗೆ ಹೋಗುವುದೆಂದರೆ
ತಂಬಿಗೆ ಹಿಡಿದು ಹೋಗುವುದು.
ನಾನೂ ನಕ್ಕೆ. ಸೀಮೆಸುಣ್ಣ ಮುರಿಯಿತು.
ಭಾಗ್ಯವಂತಿ ಅದನ್ನೂ ಬರೆದುಕೊಂಡಳೇನೋ.

ನುಸ್ರತ್ ಮಾತ್ರ ನಗಲಿಲ್ಲ.
"ಸರ್, ನೌಬಾದದಾಗ ನಮ್ಮನಿ ಹಿಂದ ಒಂದು ತೂತು ಅದರೀ.
ಅದ್ರಾಗ ಏನೂ ಇಲ್ಲ."

ಭಾನುವಾರ ಹೋದೆವು.
ಕೆಂಗಲ್ಲು ಕೊರೆದ ನೆಲದಡಿಯ ಸುರಂಗ,
ಮೇಲೆ ಸಾಲಾಗಿ ಅದರ ಬಾಯಿಗಳು.
ಮೂರು ತೆರೆದಿದ್ದವು. ನಾಲ್ಕನೆಯದರ ಮೇಲೆ ಹೊಸ ಲೇಔಟಿನ
ಹಳದಿ ಕಲ್ಲು, ಪ್ಲಾಟ್ ನಂಬರು ಹದಿನೇಳು.
ಬಗ್ಗಿದೆ.
ಮೋರೆಗೆ ತಣ್ಣಗೆ ಏನೋ ತಾಕಿತು.
ತಾಕಿದ್ದು ಗಾಳಿ, ತಾಕಿಸಿಕೊಂಡದ್ದು ನಾನು
ಎಂದು ಎರಡಾಗಲು ಒಂದು ಗಳಿಗೆ ತಡವಾಯಿತು.
ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದು
ಆ ತಡದ ಬಗ್ಗೆಯೇ. ಕಂಡದ್ದು ಅವತ್ತು.

ಹಗ್ಗ ಹಿಡಿದು ಘಾಳೆಪ್ಪ ಮೇಲೆ ಬಂದ, ಮೈಯೆಲ್ಲ ಕೆಸರು,
ಬುಟ್ಟಿ ತುಂಬ ಹೂಳು, ಗುಟಖಾ ಚೀಟಿ, ಕೂಸಿನದೊಂದು ಚಪ್ಪಲಿ.
ಒಳಗೇನದ, ಕೇಳಿದೆ.
"ಏನಿರ್ತದ್ರೀ? ಏನರ ಇತ್ತಂದ್ರ ನೀರ್ ಹ್ಯಾಂಗ್ ಹರೀಬೇಕು?
ಖಾಲಿ ಮಾಡ್ಲಾಕೇ ನಮಗ ಪಗಾರ."

ಮನುಷ್ಯನಿಗೆ ಅವರು ನಿಂಗೆನ್ ಅನ್ನುತ್ತಾರೆ.
ಬರೆಯಲು ಎರಡು ಅಕ್ಷರ ಬೇಕು, ಎರಡನೆಯದರ ಅರ್ಥ ನಡುವೆ.
ಅದನ್ನು ಹೇಳಬೇಕೆಂದೇ ಬಂದಿದ್ದೆ. ಅಷ್ಟರಲ್ಲಿ
ನುಸ್ರತ್ ಹಗ್ಗದ ಈ ತುದಿ ಹಿಡಿದಿದ್ದಳು,
ವೈಜಿನಾಥ ಅವಳ ಹಿಂದೆ, ಘಾಳೆಪ್ಪ ಮತ್ತೆ ಕೆಳಗೆ ಕತ್ತಲಲ್ಲಿ.
ಹಗ್ಗ ಬಿಗಿಯಾಗಿತ್ತು.
ಸುಮ್ಮನೆ ಹೋಗಿ ಮೂರನೆಯವನಾಗಿ ಹಿಡಿದೆ.

ಪ್ರಶ್ನೆಪತ್ರಿಕೆ ಸೋಮವಾರ ಕಳಿಸಬೇಕು:
ಈ ಪರಿಕಲ್ಪನೆಯ ಸಮಕಾಲೀನ ಪ್ರಸ್ತುತತೆಯನ್ನು ವಿವರಿಸಿ.
ಹತ್ತು ಅಂಕ.
ಕೆಳಗೆ ಎಷ್ಟು ಗೆರೆ ಖಾಲಿ ಬಿಡಲಿ?
ನುಸ್ರತ್ ಫೋನು ಮಾಡಿದ್ದಳು, ಹದಿನೇಳನೆಯದರಲ್ಲಿ
ಇಟ್ಟಿಗೆ ಇಳಿಸಲತ್ತಾರಂತೆ.